ಕೊಟ್ಟರೆ ಬಾರದ ಬಳ್ಳಿ

ಜೂನ್ ೧೨, ೨೦೨೫

ಪಕ್ಕದ ಮನೆಯ ಶಹನಾಜ್ ಇವತ್ತು ತಮ್ಮ ಬಳ್ಳಿಯನ್ನು ಕುಂಡದ ಸಮೇತ ತಂದು ನನ್ನ ಬರೆಯುವ ಮೇಜಿನ ಮೇಲಿಟ್ಟರು. ಇಡಲೇ ಎಂದು ಕೇಳಲಿಲ್ಲ. ಮೇಜಿನ ಮೇಲೆ, ಕೆರೆ ಏರಿಯ ಅರಳಿಮರ ಕಡಿದ ಗುತ್ತಿಗೆದಾರನ ವಿರುದ್ಧ ನಾನು ಬರೆದಿದ್ದ ದೂರು ಇತ್ತು. ಕುಂಡದ ತಳದ ಕೆಸರು ಅದರ ಮೇಲೆ ದುಂಡಗೆ ಅಚ್ಚಾಯಿತು, ಸರ್ಕಾರಿ ಮೊಹರಿನ ಹಾಗೆ. ಮತ್ತೆ ಬರೆಯಬೇಕು.

ಅವರಿಗೆ ಎದೆಯ ಗಡ್ಡೆಯ ಆಪರೇಷನ್ ಆಗಿ ತಿಂಗಳಾಯಿತು. ಇನ್ನು ಕೀಮೋ. ಅದು ಮುಗಿಯುವವರೆಗೆ ಬೆಂಗಳೂರಿನಲ್ಲಿ, ಆಸ್ಪತ್ರೆಗೆ ಹತ್ತಿರವಿರುವ ತಂಗಿಯ ಮನೆಯಲ್ಲಿರುತ್ತಾರೆ. ಗಂಡ ಅಬ್ದುಲ್ ಖಾದರ್ ಇಲ್ಲಿ ದೊಡ್ಡಬಳ್ಳಾಪುರದಲ್ಲಿ ಮಗ್ಗದವರಿಗೆ ನೂಲು ಮಾರುವವರು. ಅಂಗಡಿ ಬಿಟ್ಟು ಹೋಗುವಂತಿಲ್ಲ, ರೈಲಿನಲ್ಲಿ ಓಡಾಡುತ್ತಾರಂತೆ.

"ನನ್ನ ಹತ್ರ ಮಣ್ಣಿನ ಕುಂಡ ಇರಬಾರ್ದಂತೆ ಅಣ್ಣ, ಸೋಂಕಾಗುತ್ತಂತೆ," ಅಂದರು. "ಇವರ ಕೈಗೆ ಬಿಟ್ಟರೆ ಒಂದೇ ವಾರಕ್ಕೆ ಸೌದೆ ಮಾಡ್ತಾರೆ. ಡಾಕ್ಟರು ಇಟ್ಕೊಳ್ಳಿ ಅಂದ ದಿನ ನಾನೇ ಬಂದು ತಗೊಂಡ್ಹೋಗ್ತೀನಿ."

ನನಗೆ ಗಿಡ ಸಾಕಿ ಗೊತ್ತಿಲ್ಲವೆಂದೆ.

"ನಿಮಗೆ ನೆರೆಹೊರೆ ಸಾಕಿನೂ ಗೊತ್ತಿಲ್ಲ. ನಾವು ಬದುಕಿಲ್ವಾ?"

ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತು ಅವರಿಗೆ ಬಂದ ಬಾಯಿ. ಈ ಮನೆಯೊಳಗೆ ಎಂದೂ ಒಂದು ಗಿಡವಿರಲಿಲ್ಲ. ಅಕ್ಕ ಲಕ್ಷ್ಮೀದೇವಮ್ಮ ಸಾಯುವವರೆಗೂ ಮನೆ ನೋಡಿಕೊಂಡಳು, ನಾನು ಗ್ರಂಥಾಲಯ ನೋಡಿಕೊಂಡೆ. ಹಸಿರು ಅಂದರೆ ಮಾರುಕಟ್ಟೆಯಿಂದ ಬರುವ ಸೊಪ್ಪು, ಅಷ್ಟೇ.

ಜೂನ್ ೧೫

ಓದಿ ನೋಡಿದೆ. ಎಲ್ಲರೂ ಅನ್ನುವ ಹಾಗೆ ಇದು ಮನಿ ಪ್ಲಾಂಟ್ ಅಲ್ಲ! ಫಿಲೋಡೆಂಡ್ರಾನ್. ಮರವನ್ನು ಪ್ರೀತಿಸುವುದು ಎಂದು ಗ್ರೀಕಿನಲ್ಲಿ ಅರ್ಥ. ಎಲೆ ಹೃದಯದ ಆಕಾರ, ತೆಳು. ಹೊಸ ಎಲೆ ಬರುವಾಗ ಒಂದು ಪೊರೆಯೊಳಗಿಂದ ಬರುತ್ತದೆ, ಆ ಪೊರೆ ಆಮೇಲೆ ಒಣಗಿ ಉದುರುತ್ತದೆ. ಮನಿ ಪ್ಲಾಂಟಿಗೆ ಈ ಪೊರೆ ಇಲ್ಲ. ಇಷ್ಟು ಸ್ಪಷ್ಟವಾದ ವ್ಯತ್ಯಾಸ ಇಡೀ ಊರಿಗೆ ಕಾಣುವುದಿಲ್ಲವೆಂದರೆ ಏನು ಹೇಳುವುದು. ಬಳ್ಳಿ ಕಂಡಲ್ಲೆಲ್ಲ ಹಣ ಕಾಣುವ ಜನ.

ಮೆಟ್ಟಿಲ ಬುಡದಲ್ಲಿ ಹೂ ಕಟ್ಟುವ ದ್ಯಾವಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿ, "ಆಗ್ಲಿ ಸಾಮಿ, ಮನಿ ಪ್ಲಾಂಟು ಚೆನ್ನಾಗಿ ನೋಡ್ಕಳಿ" ಅಂದಳು.

ಮೇಜು ಬೇಕಾಗಿದ್ದರಿಂದ ಕುಂಡವನ್ನು ನಡುಮನೆಯ ಕಿಟಕಿಗೆ ಬದಲಾಯಿಸಿದೆ. ಅದು ಮೆಟ್ಟಿಲ ಓಣಿಗೆ ತೆರೆಯುವ ಕಿಟಕಿ. ನೇರ ಬಿಸಿಲಿಲ್ಲ, ಬೆಳಕಿದೆ. ಪುಸ್ತಕ ಹೇಳುವುದೂ ಅದನ್ನೇ.

ಜೂನ್ ೨೩

ಮೊದಲ ಕೀಮೋ ಆಯಿತು. ಸಂಜೆಯ ರೈಲಿಗೆ ಖಾದರ್ ಬಂದರು. ಬಾಗಿಲಲ್ಲೇ ನಿಂತು, ಬಾಯೆಲ್ಲ ಒಣಗುತ್ತದಂತೆ, ನೀರು ಕೂಡ ನಿಲ್ಲುವುದಿಲ್ಲವಂತೆ ಎಂದು ಹೇಳಿ ಹೋದರು. ನೂಲಿನ ಧೂಳು ಅವರ ಹುಬ್ಬಿನ ಮೇಲೆ ಹಾಗೇ ಇತ್ತು.

ಬಳ್ಳಿಗೆ ನೀರು ಹಾಕಿದೆ. ಬೆಳಿಗ್ಗೆಯೂ ಹಾಕಿದ್ದೆನೆಂದು ಆಮೇಲೆ ನೆನಪಾಯಿತು. ಇರಲಿ, ಗಾಳಿ ಒಣಗಿದೆ.

ಜುಲೈ ೬

ಬಳ್ಳಿ ಕಿಟಕಿಯ ಸರಳು ದಾಟಿ ಓಣಿಗೆ ಇಳಿದಿದೆ. ತುದಿಯಲ್ಲಿ ಕೆಂಪು ಛಾಯೆಯ ಹೊಸ ಎಲೆ. ಅದು ಪೊರೆ ಬಿಡುವುದನ್ನು ನೋಡುತ್ತ ಕೂತು ಪೇಪರ್ ಓದುವುದೇ ಮರೆಯಿತು. ಖಾದರರ ಫೋನಿನಲ್ಲಿ ಎರಡು ಮಾತಾಡಿದೆ. ಶಹನಾಜರ ಕೂದಲು ಉದುರುತ್ತಿದೆಯಂತೆ. "ನಿಮ್ಮ ತಲೆ ಥರಾನೇ ಆಗೋಯ್ತು ಅಣ್ಣ, ಈಗ ನಾವು ನಿಜವಾಗ್ಲೂ ಅಣ್ಣ-ತಂಗಿ" ಅಂದರು. ಹೊಸ ಎಲೆ ಬಂದಿದೆ ಎಂದು ಹೇಳಿದೆ.

ಜುಲೈ ೯

ಕಳ್ಳತನ.

ತುದಿಯ ಎಲೆ ಇಲ್ಲ. ಉದುರಿದ್ದಲ್ಲ, ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ್ದಾರೆ. ಕಾಂಡದಲ್ಲಿ ರಸ ಒಣಗಿದೆ.

ಮೇಲಿನ ಮನೆಯ ವಾಣಿಶ್ರೀಯನ್ನು ಕೇಳಿದೆ. ಆಕೆ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕೆ ಹೋಗುವ ಹುಡುಗಿ, ಬೆಳಗಿನ ವ್ಯಾನಿಗೆ ಅದೇ ಓಣಿಯಲ್ಲಿ ಇಳಿಯಬೇಕು. ಅವಳು ಕಣ್ಣು ಅಗಲಿಸಿ, "ಅಯ್ಯೋ ಪಾಪ" ಅಂದಳು. ಯಾರಿಗೆ ಪಾಪ ಎಂಬುದು ಸ್ಪಷ್ಟವಾಗಲಿಲ್ಲ. ಮನಿ ಪ್ಲಾಂಟನ್ನು ಕೇಳಿ ಪಡೆಯಬಾರದಂತೆ, ಯಾರಾದರೂ ಕೊಟ್ಟರೆ ಬರುವುದಿಲ್ಲವಂತೆ. ಕದ್ದು ತಂದು ನೆಟ್ಟರೆ ಮಾತ್ರ ಚಿಗುರುತ್ತದಂತೆ. ಎಲ್ಲರೂ ಹಾಗೇ ಮಾಡುವುದು ಅಂಕಲ್, ಅಂದಳು.

ಎಲ್ಲರೂ ಹಾಗೇ ಮಾಡುವುದು! ಮರ ಕಡಿದವನೂ ಅದನ್ನೇ ಹೇಳಿದ್ದು. ಕಳ್ಳತನವನ್ನೇ ಶಾಸ್ತ್ರ ಮಾಡಿಕೊಂಡ ಊರಿನಲ್ಲಿ ನಾನು ಯಾರ ಮೇಲೆ ದೂರು ಕೊಡಲಿ.

ಸರಳಿಗೆ ಒಂದು ಚೀಟಿ ಕಟ್ಟಿದೆ: "ಇದು ಮನಿ ಪ್ಲಾಂಟ್ ಅಲ್ಲ. ಕದ್ದರೆ ಹಣ ಬರುವುದಿಲ್ಲ."

ಜುಲೈ ೧೨

ಚೀಟಿಯ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ಮತ್ತೇನು ಬರುತ್ತೆ?"

ಇನ್ನೊಂದು ತುದಿಯೂ ಹೋಗಿದೆ.

ಜುಲೈ ೩೦

ಇವತ್ತು ಅರಳಿಮರದ ದೂರಿನ ವಿಚಾರಣೆ ಇತ್ತು. ಇತ್ತು ಎಂದು ಸಂಜೆ ಗೊತ್ತಾಯಿತು. ಬೆಳಿಗ್ಗೆ ಖಾದರರ ಫೋನಿಗೆ ಕಾಯುತ್ತ ಕುಳಿತಿದ್ದೆ. ನಡುವೆ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮಗ್ಗಗಳ ಬೀದಿಯಲ್ಲಿ ಎಲ್ಲದರ ಮೇಲೂ ನೂಲಿನ ಧೂಳು ಕೂರುತ್ತದೆ. ಒಂದು ವಿಚಾರಣೆಯನ್ನೂ ನಾನು ತಪ್ಪಿಸಿದವನಲ್ಲ. ಯಾವ ತಹಶೀಲ್ದಾರ ಯಾವ ವರ್ಷ ಎಲ್ಲಿಗೆ ವರ್ಗವಾಗಿ ಹೋದ, ಹೋಗುವ ಮುನ್ನ ಏನು ಹೇಳಿ ಹೋದ ಎಂಬುದೆಲ್ಲ ನನಗೆ ಬಾಯಿಪಾಠ. ಈ ದಿನ ಹೇಗೆ ತಪ್ಪಿತು?

ವಯಸ್ಸೇನೂ ಅಲ್ಲ.

ಆಗಸ್ಟ್ ೧೧

ರಕ್ತದ ಬಿಳಿಕಣ ಇಳಿದಿದೆಯಂತೆ. ಜ್ವರ. ಕೀಮೋ ಮುಂದಕ್ಕೆ ಹಾಕಿದ್ದಾರೆ. ಆಸ್ಪತ್ರೆಯಲ್ಲಿ ಒಬ್ಬರೇ ಇರುವ ಕೋಣೆಗೆ ಸೇರಿಸಿದ್ದಾರೆ.

ಬೆಳಿಗ್ಗೆ ನೋಡಿದರೆ ಕೆಳಗಿನ ಒಂದು ಎಲೆ ಹಳದಿ. ನಿನ್ನೆ ಇರಲಿಲ್ಲ. ಇದ್ದಿರಲಾರದು. ಹಳೆಯ ಎಲೆ ಹಳದಿಯಾಗುವುದು ಸಹಜವೆಂದು ಪುಸ್ತಕದಲ್ಲಿದೆ. ನೀರು ಅತಿಯಾದರೂ ಹಾಗಾಗುತ್ತದೆ ಎಂದೂ ಇದೆ. ಮೇಲಿನ ಮಣ್ಣು ಒಣಗುವವರೆಗೆ ಕಾಯಬೇಕಂತೆ. ಆ ಪುಸ್ತಕ ಬರೆದವನು ಯಾವ ದೇಶದವನೋ, ನಮ್ಮ ಗಾಳಿ ಅವನಿಗೇನು ಗೊತ್ತು. ಬಾಯಾರಿದ್ದಕ್ಕೆ ನೀರು ಕೊಡದೆ ಕಾಯಿ ಅನ್ನುವುದು ಯಾವ ನ್ಯಾಯ.

ನೀರು ಹಾಕಿದೆ.

ಖಾದರ್ ಫೋನಿನಲ್ಲಿ, "ಇವಳು ಕೇಳ್ತಾ ಇದಾಳೆ, ಬಳ್ಳಿ ಹೆಂಗಿದೆ ಅಂತ" ಅಂದರು. ಚೆನ್ನಾಗಿದೆ ಎಂದೆ. ಸುಳ್ಳಲ್ಲ. ಒಂದು ಎಲೆ ಬಿಟ್ಟರೆ ಉಳಿದದ್ದೆಲ್ಲ ಹಸಿರು. ಆ ಎಲೆಯನ್ನು ಕಿತ್ತು ನಿಘಂಟಿನೊಳಗೆ ಇಟ್ಟೆ. ಯಾಕೆ ಕಸಕ್ಕೆ ಹಾಕಲಿಲ್ಲವೋ.

ಆಗಸ್ಟ್ ೧೪

ಇನ್ನೂ ಎರಡು. ನಿಘಂಟಿನಲ್ಲಿಟ್ಟೆ.

ಆಗಸ್ಟ್ ೧೯

ಜ್ವರ ಬಿಟ್ಟಿತಂತೆ! ಇವತ್ತು ಒಂದೂ ಎಲೆ ಹಳದಿಯಾಗಿಲ್ಲ. ಎರಡಕ್ಕೂ ಸಂಬಂಧವಿಲ್ಲ. ಬರೆದಿಟ್ಟುಕೊಂಡೆ, ಅಷ್ಟೇ.

ಸೆಪ್ಟೆಂಬರ್ ೭

ಇವತ್ತು ಚಂದ್ರಗ್ರಹಣ. ರಾತ್ರಿ ಹಿಡಿಯುವುದಕ್ಕೆ ಮಧ್ಯಾಹ್ನದಿಂದಲೇ ಬೀದಿಗೆ ಭಯ ಹಿಡಿದಿದೆ. ವಾಣಿಶ್ರೀ ನೀರಿನ ಕೊಡಕ್ಕೆಲ್ಲ ದರ್ಭೆ ಹಾಕಿದ್ದಾಳೆ. ದ್ಯಾವಮ್ಮ ಹೂವಿನ ಬುಟ್ಟಿಯನ್ನು ಬೇಗ ಎತ್ತಿದಳು.

ಎಂಬತ್ತರ ಫೆಬ್ರುವರಿಯ ಸೂರ್ಯಗ್ರಹಣ ನನಗೆ ನಿನ್ನೆಯಂತಿದೆ. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು, ನಾಯಿ ಕೂಡ ಬೀದಿಯಲ್ಲಿರಲಿಲ್ಲ. ನಾನೊಬ್ಬ ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತು ಅವಲಕ್ಕಿ ತಿಂದೆ, ಎಲ್ಲರಿಗೂ ಕಾಣಲೆಂದು. ಅವಲಕ್ಕಿ ಕಲೆಸಿದ್ದು ಅಕ್ಕ. ಅವಳು ಗ್ರಹಣ ಪಾಲಿಸುವವಳು. ಡಬ್ಬಿಯನ್ನು ಹೊಸಿಲ ಮೇಲಿಟ್ಟು, ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು, ನಾನು ಎತ್ತಿಕೊಂಡು ಹೋಗುವವರೆಗೆ. ನೋಡದಿದ್ದರೆ ತಾನು ಕೊಟ್ಟ ಹಾಗಾಗಲಿಲ್ಲವೆಂದು ಅವಳ ಲೆಕ್ಕವಿರಬೇಕು.

ದ್ಯಾವಮ್ಮ ಹೋಗುವಾಗ, ಬಳ್ಳಿಯ ಮೇಲೂ ಒಂದು ಎಳೆ ದರ್ಭೆ ಹಾಕಿ ಸಾಮಿ ಎಂದು ಕೊಟ್ಟಳು. ಬೇಡವೆಂದೆ, ಸ್ವಲ್ಪ ಜೋರಾಗಿಯೇ.

ಆದರೆ ಕುಂಡವನ್ನು ಕಿಟಕಿಯಿಂದ ತೆಗೆದು ಒಳಕೋಣೆಯಲ್ಲಿಟ್ಟೆ. ಬಳ್ಳಿಯನ್ನು ಸರಳಿನಿಂದ ಬಿಡಿಸಲು ಬಹಳ ಹೊತ್ತು ಹಿಡಿಯಿತು. ಮಳೆಯ ಮೋಡವಿತ್ತು, ಎರಚಲು ಹೊಡೆಯಬಹುದೆಂದು.

ಸೆಪ್ಟೆಂಬರ್ ೮

ಮಳೆ ಬರಲಿಲ್ಲ. ಕುಂಡವನ್ನು ಮತ್ತೆ ಕಿಟಕಿಗಿಟ್ಟೆ.

ಸೆಪ್ಟೆಂಬರ್ ೨೬

ಕಾಂಡದ ಬುಡ ಕಪ್ಪಾಗಿದೆ. ಮುಟ್ಟಿದರೆ ಮೆತ್ತಗೆ. ಮಣ್ಣಿನಿಂದ ಕೊಚ್ಚೆಯ ವಾಸನೆ. ಕಿಟಕಿಯಾಚೆ ನೇತಾಡುತ್ತಿದ್ದ ಉದ್ದದ ಎಳೆ ಕೂಡ ಜೋತುಬಿದ್ದಿದೆ. ನಿಘಂಟು ಮುಚ್ಚುವುದಿಲ್ಲ, ಅಷ್ಟು ಎಲೆ.

ಕೊನೆಯೆರಡು ಕೀಮೋ ಉಳಿದಿವೆ. ಖಾದರ್ ದಿನಾ ಕೇಳುತ್ತಾರೆ. ನಾನು ದಿನಾ ಚೆನ್ನಾಗಿದೆ ಅನ್ನುತ್ತೇನೆ.

ಅಕ್ಟೋಬರ್ ೪

ಸತ್ತಿದೆ. ಎಳೆದರೆ ಬೇರಿಲ್ಲದೆ ಕೈಗೆ ಬಂತು.

ಅಕ್ಟೋಬರ್ ೭

ನೆಲಮಂಗಲದ ರಸ್ತೆಯಲ್ಲಿರುವ ನರ್ಸರಿಗೆ ಬಸ್ಸಿನಲ್ಲಿ ಹೋದೆ. ಅಲ್ಲಿ ಅದೇ ಜಾತಿಯ ಬಳ್ಳಿ, ಅದಕ್ಕಿಂತ ದಟ್ಟವಾದದ್ದು, ಸಾಲಾಗಿ ನೇತುಹಾಕಿದ್ದರು. ಮಾಲೀಕ ಒಂದನ್ನು ಇಳಿಸಿ ಕೈಗಿಟ್ಟ. ಯಾರಿಗೂ ತಿಳಿಯುವುದಿಲ್ಲ. ಶಹನಾಜರ ಕುಂಡಕ್ಕೆ ಇದನ್ನು ಇಳಿಸಿದರೆ ಮುಗಿಯಿತು. ಖೋಟಾ ದಾಖಲೆ ಸೃಷ್ಟಿಸಿದ ಎಷ್ಟೋ ಮಂದಿಯ ಹೆಸರು ಹಿಡಿದು ಬರೆದವನು ನಾನು.

ಹಿಂದಕ್ಕೆ ಕೊಟ್ಟೆ. ಆತ ಬೇರೆ ತೋರಿಸಲೇ ಅಂದ. ಅದೇ ಬೇಕು, ಆದರೆ ಇದಲ್ಲ ಅಂದೆ. ಆತ ನನ್ನನ್ನು ನೋಡಿದ ರೀತಿ ಸರಿಯಾಗಿಯೇ ಇತ್ತು.

ಗಿಡ ಸತ್ತರೆ ಮನುಷ್ಯರಿಗೆ ಏನೂ ಆಗುವುದಿಲ್ಲ. ಇದನ್ನು ಯಾರಿಗಾದರೂ ನಾನೇ ಹೇಳುತ್ತಿದ್ದೆ. ಯಾರಾದರೂ ಬಂದು ನನಗೆ ಹೇಳಲಿ ಅನ್ನಿಸುತ್ತಿದೆ. ಏನಿದು.

ಅಕ್ಟೋಬರ್ ೧೨

ಇದನ್ನು ಪೂರ್ತಿಯಾಗಿ ಬರೆಯಬೇಕು.

ಭಾನುವಾರ, ವಾಣಿಶ್ರೀಗೆ ರಜೆ. ಓಣಿಯಲ್ಲಿ ನಿಂತು ಖಾಲಿ ಕಿಟಕಿ ನೋಡಿದಳು. ಒಳಗೆ ಬಂದು, ಬರಿಯ ಮಣ್ಣಿದ್ದ ಕುಂಡ ನೋಡಿದಳು. "ಬೈಯಲ್ಲ ಅಂದ್ರೆ ಒಂದ್ ಮಾತು ಹೇಳ್ತೀನಿ ಅಂಕಲ್," ಅಂದಳು. ಬೈಯುವುದಿಲ್ಲವೆಂದೆ. ಜುಲೈನಲ್ಲಿ ಮೊದಲು ಕತ್ತರಿಸಿದ್ದು ತಾನೇ ಅಂದಳು. ಎರಡನೆಯದನ್ನು ದ್ಯಾವಮ್ಮ. ಪೆನ್ಸಿಲಿನಲ್ಲಿ ಬರೆದದ್ದು? ಅದೂ ತಾನೇ.

ಮೇಲೆ ಕರೆದುಕೊಂಡು ಹೋಗಿ ತೋರಿಸಿದಳು. ಟಿವಿಯ ಪಕ್ಕ ಗಾಜಿನ ಬಾಟಲಿ, ಅದರಿಂದ ಕಿಟಕಿ ಸುತ್ತಿ ಪರದೆಯ ಕಂಬಿಯವರೆಗೂ ಬಳ್ಳಿ. ಹೃದಯದಾಕಾರದ ಎಲೆ, ತುದಿಯಲ್ಲಿ ಪೊರೆ. ಸಿಟ್ಟು ಬರಬೇಕಿತ್ತು. ಯಾವ ಕಡೆಯಿಂದಲೂ ಬರಲಿಲ್ಲ.

ಒಂದು ತುಂಡು ಕೊಡಮ್ಮ, ಶಹನಾಜ್ ಬರುವಷ್ಟರಲ್ಲಿ ಬೇರು ಬಿಡಲಿ ಎಂದೆ.

"ಕೊಡೋಕಾಗಲ್ಲ ಅಂಕಲ್."

"ಯಾಕೆ?"

"ಕೊಟ್ಟಿದ್ದು ಬರಲ್ಲ. ಅದೂ ಶಹನಾಜ್ ಆಂಟಿದು ಬೇರೆ. ಯಾಕೆ ರಿಸ್ಕು?"

ಇದು ಮನಿ ಪ್ಲಾಂಟೇ ಅಲ್ಲ, ಕದಿಯುವ ಶಾಸ್ತ್ರ ಇದಕ್ಕೆ ಅನ್ವಯಿಸುವುದಿಲ್ಲ, ಗೆಣ್ಣಿನ ಕೆಳಗೆ ಕತ್ತರಿಸಿದರೆ ಯಾರು ಕೊಟ್ಟರೂ ಬೇರು ಬರುತ್ತದೆ ಎಂದು ವಿವರಿಸಿದೆ. ಅವಳು ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡಳು. "ನಾನು ಬಟ್ಟೆ ಒಣಗಾಕೋಕೆ ಟೆರೇಸಿಗೆ ಹೋಗ್ತಿದೀನಿ. ಬಾಗಿಲು ತೆಗೆದೇ ಇರುತ್ತೆ. ಕತ್ತರಿ ಹೊಲಿಗೆ ಮಿಷನ್ನಿನ ಮೇಲಿದೆ. ನೀವು ನನಗೇನೂ ಹೇಳಿಲ್ಲ, ನಾನೇನೂ ಕೇಳಿಲ್ಲ."

ಹೋಗಿಯೇಬಿಟ್ಟಳು.

ಆ ಮನೆಯ ನಡುವೆ ನಾನು ಎಷ್ಟು ಹೊತ್ತು ನಿಂತೆನೋ. ಟೆರೇಸಿನಲ್ಲಿ ಬಟ್ಟೆ ಒದರುವ ಸದ್ದು, ಕೆಳಗೆ ಮಗ್ಗಗಳ ಸದ್ದು. ಗ್ರಂಥಾಲಯದಲ್ಲಿ ಪುಸ್ತಕದ ಹಾಳೆ ಹರಿದುಕೊಂಡು ಹೋದವರನ್ನು ಬಾಗಿಲವರೆಗೆ ಅಟ್ಟಿಸಿಕೊಂಡು ಹೋಗಿ ಹಿಡಿದವನು ನಾನು. ಕತ್ತರಿ ತೆಗೆದುಕೊಂಡೆ. ಎರಡು ಗೆಣ್ಣಿರುವ ಹಾಗೆ ನೋಡಿ ಕತ್ತರಿಸಿದೆ, ಅಂಗಿಯೊಳಗೆ ಇಟ್ಟುಕೊಂಡೆ. ಇಳಿಯುವಾಗ ಕಾಲು ತಾನಾಗಿಯೇ ಬೆಕ್ಕಿನ ಹೆಜ್ಜೆ ಇಟ್ಟಿತು.

ನನ್ನ ಬಾಗಿಲ ಹತ್ತಿರ ದ್ಯಾವಮ್ಮ ಹತ್ತಿ ಬರುತ್ತಿದ್ದಳು. "ಏನ್ ಸಾಮಿ ಅದು, ಎದೆ ಹಿಡ್ಕೊಂಡಿದೀರಿ?"

ಏನಿಲ್ಲವೆಂದೆ. ಅಂಗಿಯ ಗುಂಡಿಗಳ ನಡುವೆ ಒಂದು ಎಲೆ ಇಣುಕುತ್ತಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ, ಸೆರಗಿನಿಂದ ಮೆಟ್ಟಿಲ ಕಂಬಿಯ ಧೂಳು ಒರೆಸತೊಡಗಿದಳು.

ಅಕ್ಟೋಬರ್ ೨೧

ಬಾಟಲಿಯಲ್ಲಿ ಬಿಳಿಯ ಮೊಳೆಯಂಥ ಬೇರು. ಖಾದರರಿಗೆ, ಚೆನ್ನಾಗಿದೆ ಎಂದೆ.

ಬಾಟಲಿಯಲ್ಲಿರುವುದಕ್ಕೆ ನೀರು ಹಾಕಬೇಕಿಲ್ಲ. ದಿನವೆಲ್ಲ ಏನು ಮಾಡುವುದೋ ತಿಳಿಯುತ್ತಿಲ್ಲ.

ನವೆಂಬರ್ ೧೮

ಶಹನಾಜ್ ಬಂದರು. ಅರ್ಧ ಆಗಿದ್ದಾರೆ. ತಲೆಗೆ ಹತ್ತಿಯ ದುಪಟ್ಟಾ, ಮುಖಕ್ಕೆ ಮಾಸ್ಕು. ಖಾದರ್ ಓಣಿಯಲ್ಲಿ ಕುರ್ಚಿ ಹಾಕಿದರು. ಅವರು ಕಿಟಕಿಯಾಚೆ ಕೂತರು, ನಾನು ಈಚೆ. ಇನ್ನೂ ಎರಡು ತಿಂಗಳು ಎಚ್ಚರದಿಂದಿರಬೇಕಂತೆ. ಆಮೇಲೆ ಪರೀಕ್ಷೆ.

ಮೊದಲ ಮಾತೇ, "ಕುಂಡ ಎಲ್ಲಿ?"

ನಾನು ಒಂದು ಉತ್ತರ ಸಿದ್ಧಪಡಿಸಿಕೊಂಡಿದ್ದೆ, ಹಿನ್ನೆಲೆ, ಕಾರಣ ಎಲ್ಲ ಸೇರಿಸಿ. "ಸತ್ತೋಯ್ತಮ್ಮ" ಎಂದು ಬಾಯಿಂದ ಬಂತು.

ಅವರು ನಕ್ಕರು. ಮಾಸ್ಕು ಮುಂದೆ ಹಿಂದೆ ಆಡುವಷ್ಟು. "ನೀರು ಸುರಿದು ಸುರಿದು ಸಾಯ್ಸಿರ್ತೀರಿ. ಚೆನ್ನಾಗಿದೆ ಚೆನ್ನಾಗಿದೆ ಅನ್ನೋವಾಗ್ಲೇ ಅನ್ಕೊಂಡೆ, ಗೋಪಾಲಣ್ಣ ಒಂದು ಮಾತಲ್ಲಿ ಉತ್ತರ ಕೊಡೋರೇ ಅಲ್ಲ ಅಂತ. ಈ ಬಾಟ್ಲಿ ಯಾವ್ದು?"

"ವಾಣಿಶ್ರೀದು. ನಿಮ್ಮ ಬಳ್ಳಿಯಿಂದ ಅವಳು ಕದ್ದಿದ್ದು. ಅವಳಿಂದ ನಾನು…"

"ಕದ್ರಾ?" ಖಾದರರ ಕಡೆ ತಿರುಗಿ, "ಕೇಳಿದ್ರಾ, ಗೋಪಾಲಣ್ಣ ಕದ್ರಂತೆ" ಅಂದರು. ಮಾಸ್ಕು ಸರಿಮಾಡಿಕೊಂಡು, "ನಾನೂ ಕದ್ದಿದ್ದೇ ಅಣ್ಣ. ಈ ಮನೆಯಿಂದ್ಲೇ," ಅಂದರು.

ಈ ಮನೆಯಲ್ಲಿ ಗಿಡವಿರಲಿಲ್ಲ ಎಂದೆ.

"ಅಡುಗೆಮನೆ ಕಿಟಕೀಲಿ. ಲಕ್ಷ್ಮೀದೇವಕ್ಕ ಹಾರ್ಲಿಕ್ಸ್ ಬಾಟ್ಲೀಲಿ ಇಟ್ಟಿದ್ರಲ್ಲ. ನಾನು ಮದ್ವೆಯಾಗಿ ಬಂದ ಹೊಸದ್ರಲ್ಲಿ, ಮೊಸರು ಕೇಳೋ ನೆಪದಲ್ಲಿ ಬಂದು ಚಿವುಟ್ಕೊಂಡೆ. ಅಕ್ಕ ನೋಡೇಬಿಟ್ರು. ನೋಡಿ, ಒಲೆ ಕಡೆ ತಿರುಗಿ ಸಾರು ಕೈಯಾಡಿಸ್ತಾ ನಿಂತ್ಕೊಂಡ್ರು. ಒಲೆ ಹಚ್ಚೇ ಇರ್ಲಿಲ್ಲ."

"ಇರಲಿಲ್ಲಮ್ಮ. ಬೇರೆ ಮನೆ ಇರಬೇಕು."

"ಗೋಪಾಲಣ್ಣ, ನೀವು ದಿನಾ ಅದರ ಪಕ್ಕ ನಿಂತು ಗಡ್ಡ ಕೆರ್ಕೋತಿದ್ರಿ. ಕನ್ನಡಿ ಅಲ್ಲೇ ತೂಗಾಕಿತ್ತು."

ಕನ್ನಡಿ ನೆನಪಿದೆ.

ನವೆಂಬರ್ ೧೯

ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಂತೆ. ಕನ್ನಡಿಯ ಮೊಳೆ ಇದೆ. ಕನ್ನಡಿಯ ಮೂಲೆ ಒಡೆದದ್ದು ಯಾವಾಗ, ಯಾರಿಂದ ಎಂದು ಹೇಳಬಲ್ಲೆ. ಅದರ ಮುಂದೆ ನಿಂತು ಕೇಳಿದ ಬೆಳಗಿನ ವಾರ್ತೆಗಳನ್ನು ಹೇಳಬಲ್ಲೆ, ಯಾವ ಸರ್ಕಾರ ಬಿತ್ತು, ಯಾವ ಅಣೆಕಟ್ಟು ತುಂಬಿತು. ಮೊಳೆಯ ಎಡಕ್ಕೆ ಏನಿತ್ತು? ಬರಿಯ ಬೆಳಕು ಬರುತ್ತದೆ. ಅಕ್ಕನ ಬೆನ್ನು ಬರುತ್ತದೆ. ಮುಖ ಬರಲು ಸ್ವಲ್ಪ ತಡವಾಗುತ್ತದೆ.

ಕಿಟಕಿಯ ಕಲ್ಲಿನ ಮೇಲೆ ಒಂದು ದುಂಡನೆಯ ಬಿಳಿಯ ಕಲೆ ಇದೆ. ಉಜ್ಜಿದರೆ ಹೋಗಲಿಲ್ಲ.

ಶಹನಾಜ್ ತಪ್ಪಿರಬಹುದು. ಕೀಮೋ ತೆಗೆದುಕೊಂಡವರಿಗೆ ನೆನಪು ಕಲಸುತ್ತದಂತೆ.

ಬಾಟಲಿ ತಂದು ಕಲೆಯ ಮೇಲಿಟ್ಟೆ. ಕೂತಿತು.

ಡಿಸೆಂಬರ್ ೨೮

ಅರಳಿಮರದ ವಿಚಾರಣೆ ಮತ್ತೆ ಮುಂದಕ್ಕೆ ಹೋಗಿದೆ. ಬರೆಯಲು ಕೂತೆ. ಮೊದಲ ವಾಕ್ಯದಲ್ಲೇ, ಆ ಮರವನ್ನು ನಾನು ಎಂದಾದರೂ ಸರಿಯಾಗಿ ನೋಡಿದ್ದೆನೇ ಎಂಬ ಸಂಶಯ ಬಂದು ನಿಲ್ಲಿಸಿದೆ. ನಾಳೆ ಬರೆಯುತ್ತೇನೆ.

ಬಳ್ಳಿಯನ್ನು ಕುಂಡಕ್ಕೆ ಇಳಿಸಿದೆ. ಬೆರಳು ಚುಚ್ಚಿ, ಮಣ್ಣು ಒಣಗಿದ್ದರೆ ಮಾತ್ರ ನೀರು.

ಜನವರಿ ೨೧, ೨೦೨೬

ನಿನ್ನೆ ಸಂಜೆ ಖಾದರ್ ಮೆಟ್ಟಿಲ ಮೇಲೆ ಸಿಕ್ಕರು. ಪರೀಕ್ಷೆಯ ವರದಿ ಬಂತಂತೆ, ಎಲ್ಲ ಸ್ವಚ್ಛ. ಅಷ್ಟು ಹೇಳುವುದಕ್ಕೆ ಕೈಯಲ್ಲಿದ್ದ ನೂಲಿನ ಚೀಲವನ್ನು ಕೆಳಗಿಟ್ಟು, ಮತ್ತೆ ಎತ್ತಿ, ಮತ್ತೆ ಇಟ್ಟರು. ಇನ್ನು ಮನೆಯಲ್ಲಿ ಏನು ಬೇಕಾದರೂ ಇಟ್ಟುಕೊಳ್ಳಬಹುದು ಅಂದರಂತೆ ಡಾಕ್ಟರು. "ನಾನು ಹೇಳ್ದೆ ಅಂತ ಅವಳಿಗೆ ಹೇಳ್ಬೇಡಿ" ಅಂದರು. ಯಾಕೆ ಎಂದು ಕೇಳುವಷ್ಟರಲ್ಲಿ ಇಳಿದು ಹೋಗಿದ್ದರು.

ಇವತ್ತು ಬೆಳಿಗ್ಗೆ ನಾನು ಕನ್ನಡಿಯ ಮುಂದಿದ್ದೆ. ಅದನ್ನು ಹಳೆಯ ಮೊಳೆಗೇ ಹಾಕಿದ್ದೇನೆ, ಬಳ್ಳಿಯ ಪಕ್ಕ. ಅಲ್ಲಿ ಬೆಳಕು ಚೆನ್ನಾಗಿದೆ. ಕೆನ್ನೆಗೆ ಸೋಪು ಹಚ್ಚಿದ್ದೆ. ಶಹನಾಜ್ ಬಂದರು. ಮಾಸ್ಕಿಲ್ಲ. ತಲೆಯ ಮೇಲೆ ಮೊಳಕೆಯಷ್ಟು ಕೂದಲು. ಕೈಯಲ್ಲಿ ಸ್ಟೀಲಿನ ಬಟ್ಟಲು.

"ಸ್ವಲ್ಪ ಮೊಸರಿದೆಯಾ ಅಣ್ಣ?"

ನಾನು ಮೊಸರು ಇಟ್ಟುಕೊಳ್ಳುವವನಲ್ಲ. ಅದು ಅವರಿಗೂ ಗೊತ್ತು. ನೋಡುತ್ತೇನೆ ಎಂದೆ. ಕನ್ನಡಿಯಲ್ಲಿ ಅವರ ಕೈ ಬಟ್ಟಲಿನೊಳಗಿಂದ ಕತ್ತರಿ ತೆಗೆಯುವುದು ಕಂಡಿತು.

ಒಲೆಯ ಕಡೆ ತಿರುಗಿದೆ. ಒಲೆಯ ಮೇಲೆ ಏನೂ ಇರಲಿಲ್ಲ. ಒಂದು ಖಾಲಿ ಪಾತ್ರೆ ಎತ್ತಿಟ್ಟು ಸೌಟು ಆಡಿಸುತ್ತ ನಿಂತೆ. ಕೆನ್ನೆಯ ಸೋಪು ಒಣಗಿ ಬಿಗಿಯುತ್ತಿತ್ತು. ಹಿಂದೆ ಕತ್ತರಿ ಕಚ್ಚಿದ ಸದ್ದು, ಆಮೇಲೆ ಚಪ್ಪಲಿಯ ಸದ್ದು, ಆಮೇಲೆ ಪಕ್ಕದ ಮನೆಯ ಬಾಗಿಲು. ಅದಾದ ಮೇಲೂ ಸ್ವಲ್ಪ ಹೊತ್ತು ತಿರುಗಲಿಲ್ಲ.

ಎರಡು ಗೆಣ್ಣು ಸಾಕಿತ್ತು. ಅರ್ಧ ಬಳ್ಳಿಯನ್ನೇ ಕತ್ತರಿಸಿಕೊಂಡು ಹೋಗಿದ್ದಾರೆ.